ಸಮಯ, ಜಾಗ, ಸಂಗಡಿಗರು: 2024ರಲ್ಲಿ ಕೇಳಿದ ಆಲ್ಬಮ್‌ಗಳು

2024ನೇ ವರ್ಷ ಶುರುವಾದದ್ದು ಒಬ್ಬ ಉಸ್ತಾದರ ಸಾವಿನಿಂದ, ಮುಗಿದದ್ದೂ ಇನ್ನೊಬ್ಬ ಉಸ್ತಾದರ ಸಾವಿನಿಂದ. ಜನವರಿ 9ರಂದು ಕೋಲ್ಕತ್ತಾದಲ್ಲಿ ರಶೀದ್ ಖಾನ್ ಹೋದರು, ವಯಸ್ಸು ಬರೀ 55. ಡಿಸೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಝಾಕಿರ್ ಹುಸೇನ್ ಹೋದರು. ಝಾಕಿರ್ ಹುಟ್ಟಿ ಬೆಳೆದ ಮಾಹಿಮ್ ನಾನಿರುವ ಮುಂಬಯಿಯದ್ದೇ ಆದ್ದರಿಂದ ಆ ಸುದ್ದಿ ಪಕ್ಕದ ಬೀದಿಯ ಸುದ್ದಿಯ ಹಾಗೆ ಬಂತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಇನ್ನಾ ಲಿಲ್ಲಾಹಿ’ ಹಾಕಿದರು. ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು, ಜೀವನವಿಡೀ ತಬಲ ಬಾರಿಸಿದವರ ಬಗ್ಗೆ ಇಷ್ಟೊಂದು ದುಃಖ ಯಾಕೆ ಅಂತ ಕೇಳಿದರು. ಆಮೇಲೆ ಗುಂಪು ಸುಮ್ಮನಾಯಿತು. ಅವತ್ತು ರಾತ್ರಿ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಫೋನ್ ಮಾಡಿದ. ‘ಮಾಮೂ, ನೀವು ದಿನಾ ಕೇಳ್ತೀರಲ್ಲ, ನಿಮಗೆ ಗುನಾಹ್ ಅಂತ ಅನಿಸಲ್ವಾ? ನನಗೆ ಕೇಳುವಾಗ ಚೆನ್ನಾಗಿರುತ್ತೆ, ಕೇಳಿ ಆದಮೇಲೆ ಹೆದರಿಕೆ ಆಗುತ್ತೆ.’

ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರದಿಂದಲೇ ಈ ಬರಹ ಶುರುವಾಯಿತು. ವರ್ಷದ ಇಷ್ಟದ ಆಲ್ಬಮ್‌ಗಳ ಪಟ್ಟಿ ಮಾಡುವುದು ಸುಲಭ, ಹತ್ತು ಹೆಸರು ಬರೆದು ಹತ್ತು ನಕ್ಷತ್ರ ಹಾಕಿದರಾಯಿತು. ಆದರೆ ನಿಮ್ಮಲ್ಲಿ ಎಷ್ಟೋ ಜನ, ಅದರಲ್ಲೂ ಹಾಸ್ಟೆಲಿನಲ್ಲಿರುವ ಮಕ್ಕಳು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಮನಸ್ಸಿನಲ್ಲಿ ಈ ಜಗಳವನ್ನೂ ಮಾಡುತ್ತಿರುತ್ತೀರಿ. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಆಸೆಯೂ ಇಲ್ಲ. ಬೇಡ ಅನ್ನುವ ಉಲೇಮಾಗಳ ಮಾತನ್ನು ಗೇಲಿ ಮಾಡುವುದೂ ನನ್ನ ಕೆಲಸವಲ್ಲ. ಆದರೆ ಒಂದು ಮಾತನ್ನು ನೆನಪಿಸಬಲ್ಲೆ. ಇಮಾಂ ಗಝಾಲಿ ತಮ್ಮ ‘ಇಹ್ಯಾ ಉಲೂಮುದ್ದೀನ್’ನಲ್ಲಿ ‘ಸಮಾ’ ಅಂದರೆ ಆಲಿಸುವಿಕೆಯ ಬಗ್ಗೆ ಒಂದು ಇಡೀ ಭಾಗವನ್ನೇ ಬರೆದಿದ್ದಾರೆ. ಅಲ್ಲಿ ಜುನೈದ್ ಬಗ್ದಾದಿಯವರ ಹೆಸರಿನಲ್ಲಿ ಬರುವ ಮಾತೊಂದಿದೆ: ಆಲಿಸುವುದಕ್ಕೆ ಮೂರು ಬೇಕು, ಝಮಾನ್, ಮಕಾನ್, ಇಖ್ವಾನ್. ಅಂದರೆ ಸರಿಯಾದ ಸಮಯ, ಸರಿಯಾದ ಜಾಗ, ಸರಿಯಾದ ಸಂಗಡಿಗರು.

ಅವರು ಹೇಳಿದ್ದು ಆಧ್ಯಾತ್ಮದ ಶಿಸ್ತಿಗೆ. ನಾನದನ್ನು ವಿಮರ್ಶೆಯ ಅಳತೆಗೋಲು ಮಾಡಿಕೊಂಡರೆ ದೊಡ್ಡವರು ಕ್ಷಮಿಸಲಿ. ಯಾಕೆಂದರೆ ಇವತ್ತು ನಾವು ಸಂಗೀತ ಕೇಳುವ ರೀತಿ ಈ ಮೂರನ್ನೂ ಒಟ್ಟಿಗೇ ಕಸಿದುಕೊಂಡಿದೆ. ಕುರ್ಲಾದಲ್ಲಿ ಲೋಕಲ್ ಹಿಡಿದು ನೇತಾಡುತ್ತಾ ಕೇಳುವವನಿಗೆ ಸಮಯ ಯಾವುದು, ಜಾಗ ಯಾವುದು, ಜೊತೆ ಯಾರು? ಹಾಗಾಗಿ 2024ರಲ್ಲಿ ನಾನು ಆಲ್ಬಮ್‌ಗಳಿಗೆ ಕೇಳಿಕೊಂಡ ಪ್ರಶ್ನೆ ಒಂದೇ. ನಾನು ಕಳೆದುಕೊಂಡ ಈ ಮೂರರಲ್ಲಿ ಒಂದನ್ನಾದರೂ ನೀನು ತಂದುಕೊಡುತ್ತೀಯಾ?

ಮೂರನ್ನೂ ತಂದುಕೊಟ್ಟದ್ದು ಒಂದೇ ಒಂದು. ಅದನ್ನು ಹಾಡಿದವರು ತೀರಿಕೊಂಡು 27 ವರ್ಷವಾಗಿತ್ತು.

ನುಸ್ರತ್ ಫತೇ ಅಲಿ ಖಾನರ ‘ಚೈನ್ ಆಫ್ ಲೈಟ್’ ಹೊರಬಂದದ್ದು 2024ರ ಸೆಪ್ಟೆಂಬರ್ 20ರಂದು. ಧ್ವನಿಮುದ್ರಣವಾದದ್ದು 1990ರಲ್ಲಿ, ಇಂಗ್ಲೆಂಡಿನ ಬಾಕ್ಸ್ ಅನ್ನುವ ಹಳ್ಳಿಯಲ್ಲಿರುವ, ಪೀಟರ್ ಗೇಬ್ರಿಯಲ್ ಕಟ್ಟಿದ ರಿಯಲ್ ವರ್ಲ್ಡ್ ಸ್ಟುಡಿಯೋದಲ್ಲಿ. ಅದೇ ವರ್ಷ ಮೈಕೆಲ್ ಬ್ರೂಕ್ ಜೊತೆಗಿನ ‘ಮಸ್ತ್ ಮಸ್ತ್’ ಬಂದು ನುಸ್ರತ್ ಪಾಶ್ಚಾತ್ಯರಿಗೆ ಹೊಸ ರೂಪದಲ್ಲಿ ಪರಿಚಯವಾದರು. ಆಗಲೇ ಮುದ್ರಿಸಿದ್ದ ಈ ಸಾಂಪ್ರದಾಯಿಕ ಕವ್ವಾಲಿಗಳ ಟೇಪು ಮಾತ್ರ ಉಗ್ರಾಣದಲ್ಲಿ ಉಳಿದುಬಿಟ್ಟಿತು. 2021ರಲ್ಲಿ ಹಳೆಯ ಟೇಪುಗಳನ್ನು ಬೇರೆಡೆಗೆ ಸಾಗಿಸುವಾಗ ಸಿಕ್ಕಿತಂತೆ. ಇರುವುದು ನಾಲ್ಕೇ ಹಾಡು, ಒಟ್ಟು ನಲವತ್ತು ನಿಮಿಷದ ಆಸುಪಾಸು.

ಸತ್ತವರ ಹೆಸರಿನಲ್ಲಿ ಉಗ್ರಾಣ ಗುಡಿಸಿ ಮಾರುವ ಕಂಪನಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಒಳ್ಳೆಯದಾಗಿದ್ದರೆ ಆಗಲೇ ಬಿಡುತ್ತಿದ್ದರಲ್ಲ ಅಂದುಕೊಂಡೇ ಕೇಳಲು ಕೂತೆ. ಮೊದಲ ಹಾಡು ಮುಗಿಯುವ ಹೊತ್ತಿಗೆ ಆ ಅನುಮಾನ ಹೋಯಿತು.

ನಾಲ್ಕು ಹಾಡುಗಳ ಕ್ರಮ ಗಮನಿಸಿ. ಮೊದಲನೆಯದು ‘ಯಾ ಅಲ್ಲಾಹ್ ಯಾ ರಹಮಾನ್’, ಅದು ಹಮ್ದ್. ಎರಡನೆಯದು ‘ಆಜ್ ಸಿಕ್ ಮಿತ್ರಾಂ ದೀ’, ಗೋಲ್ಡಾದ ಪೀರ್ ಮೆಹರ್ ಅಲಿ ಶಾಹ್ ಬರೆದ ಪಂಜಾಬಿ ನಾತ್. ಮೂರನೆಯದು ‘ಯಾ ಗೌಸ್ ಯಾ ಮೀರಾಂ’, ಶೇಖ್ ಅಬ್ದುಲ್ ಕಾದಿರ್ ಜೀಲಾನಿಯವರ ಮನ್ಕಬತ್. ಕೊನೆಯದು ‘ಖಬರಂ ರಸೀದ್ ಇಮ್ಶಬ್’, ಅಮೀರ್ ಖುಸ್ರೋನ ಫಾರಸಿ. ಅಂದರೆ ಮೊದಲು ಅಲ್ಲಾಹನ ಸ್ತುತಿ, ಆಮೇಲೆ ಪ್ರವಾದಿ, ಆಮೇಲೆ ವಲಿ, ಕೊನೆಗೆ ಪ್ರೇಮ. ಕಲಬುರಗಿಯಲ್ಲಿ ಬಂದೇ ನವಾಝರ ಉರೂಸಿಗೆ ಹೋಗಿ ಕವ್ವಾಲಿಗೆ ಕೂತವರಿಗೆ ಈ ಕ್ರಮ ಬಾಯಿಪಾಠ. ಇದನ್ನು ಮಾರುಕಟ್ಟೆ ಜೋಡಿಸಿದ್ದಲ್ಲ, ಮೆಹಫಿಲ್ ಜೋಡಿಸಿದ್ದು. ‘ಶಫಲ್’ ಗುಂಡಿ ಒತ್ತಿ ಈ ಆಲ್ಬಮ್ ಕೇಳಬೇಡಿ, ಅದು ಫಾತಿಹಾವನ್ನು ನಡುವಿನಿಂದ ಓದಿದ ಹಾಗೆ.

ಮೂರನೆಯ ಹಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನುಸ್ರತ್ ಇದನ್ನು ಹಾಡಿದ ಬೇರೆ ಮುದ್ರಣ ಹೊರಗೆ ಬಂದಿರಲಿಲ್ಲ, ಅಭಿಮಾನಿಗಳಿಗೆ ಇದು ನಿಜಕ್ಕೂ ಹೊಸ ಹಾಡು. ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಗ್ಯಾರವಿ ತಿಂಗಳು ಬಂದರೆ ಗೌಸ್ ಪಾಕರ ಹೆಸರಿನಲ್ಲಿ ಫಾತಿಹಾ ಇತ್ತು, ಅಡುಗೆ ಇತ್ತು, ನೆರೆಯ ಲಿಂಗಾಯತರ ಮನೆಗೂ ಒಂದು ಡಬ್ಬಿ ಹೋಗುತ್ತಿತ್ತು. ಈಗ ಅದೇ ಮನೆಗಳಲ್ಲಿ ಗ್ಯಾರವಿ ಬಗ್ಗೆಯೂ ವಾದ. ಆ ವಾದದಲ್ಲಿ ನೀವು ಯಾವ ಕಡೆಗಾದರೂ ಇರಿ, ಈ ಹಾಡಿನಲ್ಲಿ ಒಬ್ಬ ಮನುಷ್ಯ ಒಂದು ಹೆಸರನ್ನು ಕೂಗುವ ರೀತಿಯನ್ನು ಕೇಳಿ. ನುಸ್ರತ್ ಹೆಸರನ್ನು ಹಾಡುವುದಿಲ್ಲ, ಹೆಸರಿನ ಬಾಗಿಲು ಬಡಿಯುತ್ತಾರೆ. ಒಮ್ಮೆ ಮೆಲ್ಲಗೆ, ಒಮ್ಮೆ ಒದ್ದಂತೆ, ಒಮ್ಮೆ ಒಳಗೆ ಯಾರಿದ್ದಾರೆಂದು ಕಿವಿಗೊಟ್ಟಂತೆ. ಹಿಂದಿನ ತಂಡ ಅದೇ ಹೆಸರನ್ನು ಎತ್ತಿಕೊಂಡು ವಾಪಸು ಕೊಡುತ್ತದೆ. ಫರ್ರುಖ್ ಫತೇ ಅಲಿ ಖಾನರ ಹಾರ್ಮೋನಿಯಂ ಅಣ್ಣನಿಗೆ ಎಲ್ಲೂ ಅಡ್ಡ ಬರುವುದಿಲ್ಲ, ಆದರೆ ಅಣ್ಣ ಎಷ್ಟು ಎತ್ತರಕ್ಕೆ ಹೋದರೂ ಕೆಳಗೆ ನೆಲ ಇದೆ ಅಂತ ತೋರಿಸುತ್ತಲೇ ಇರುತ್ತದೆ. ದಿಲ್‌ದಾರ್ ಹುಸೇನರ ತಬಲ, ಮತ್ತೆ ಚಪ್ಪಾಳೆ. ಆ ಚಪ್ಪಾಳೆಯನ್ನು ಇಯರ್‌ಫೋನಿನಲ್ಲಿ ಕೇಳಿದರೆ ನಿಮ್ಮ ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು ಕೂತಂತೆ ಆಗುತ್ತದೆ. ಇಖ್ವಾನ್ ಅಂದರೆ ಇದೇ ಇರಬೇಕು.

ಸ್ಟುಡಿಯೋ ಮುದ್ರಣವಾದ್ದರಿಂದ ಇಲ್ಲಿ ಸಭಿಕರಿಲ್ಲ. ನೋಟು ಎಸೆಯುವವರಿಲ್ಲ, ‘ವಾಹ್’ ಅನ್ನುವವರಿಲ್ಲ. ಇದು ಕೊರತೆ ಅಂತ ಮೊದಲು ಅನಿಸಿತು, ನುಸ್ರತ್ ಸಭೆಯ ಕಣ್ಣು ನೋಡಿ ಹಾಡುತ್ತಿದ್ದವರು. ಆಮೇಲೆ ಇನ್ನೊಂದು ಅನಿಸಿತು. ಸಭಿಕರ ಜಾಗ ಖಾಲಿ ಇರುವುದರಿಂದಲೇ 34 ವರ್ಷದ ನಂತರ ನಾವು ಅಲ್ಲಿ ಹೋಗಿ ಕೂರಲು ಸಾಧ್ಯವಾಯಿತು.

ಇಲ್ಲೊಂದು ಅಡ್ಡಮಾತು. ನಮ್ಮ ಊರುಗಳಲ್ಲಿ ಈಗ ‘ಸೂಫಿ’ ಅನ್ನುವುದು ಒಂದು ಬ್ರಾಂಡು. ಮದುವೆಯ ಸಂಗೀತ್ ರಾತ್ರಿಗೆ ಸೂಫಿ, ಅಂಧೇರಿಯ ಕಾಫಿ ಅಂಗಡಿಗೆ ಸೂಫಿ, ಸಿನಿಮಾದಲ್ಲಿ ನಾಯಕನಿಗೆ ಪ್ರೇಮಭಂಗವಾದರೆ ಸೂಫಿ. ‘ಮೌಲಾ’ ಅಂತ ಎರಡು ಸಲ ಎಳೆದರೆ ಸೂಫಿ ಹಾಡು ತಯಾರು. ಅಲ್ಲಿ ಮೌಲಾ ಯಾರು, ಯಾಕೆ ಕರೆದರು ಅಂತ ಹಾಡಿಗೇ ಗೊತ್ತಿರುವುದಿಲ್ಲ. ಇಸ್ಲಾಮಿನ ವಾಸನೆ ಬೇಕು, ಮುಸಲ್ಮಾನ ಬೇಡ ಅನ್ನುವವರಿಗೆ ಇದು ಬಹಳ ಅನುಕೂಲ. ‘ಚೈನ್ ಆಫ್ ಲೈಟ್’ ಕೇಳಿದ ಮೇಲೆ ಅಂಥ ಹಾಡುಗಳು ನನ್ನ ಕಿವಿಯಲ್ಲಿ ನಿಲ್ಲುತ್ತಿಲ್ಲ. ನಷ್ಟವೇನೂ ಆಗಿಲ್ಲ.

ಅರೂಜ್ ಆಫ್ತಾಬ್ ಅವರ ‘ನೈಟ್ ರೇನ್’ ಇದರ ಪೂರ್ತಿ ವಿರುದ್ಧ ದಿಕ್ಕಿನದು. ಮೇ 31ಕ್ಕೆ ಬಂತು. ಲಾಹೋರಿನಲ್ಲಿ ಬೆಳೆದು ಅಮೆರಿಕದಲ್ಲಿ ಓದಿ ಬ್ರೂಕ್ಲಿನ್‌ನಲ್ಲಿ ನೆಲೆಸಿದ ಈಕೆ 2022ರಲ್ಲಿ ‘ಮೊಹಬ್ಬತ್’ ಹಾಡಿಗೆ ಗ್ರ್ಯಾಮಿ ಪಡೆದವರು. ಇಲ್ಲಿ ಚಪ್ಪಾಳೆ ಇಲ್ಲ, ತಂಡದ ಕೂಗಿಲ್ಲ. ಹಾರ್ಪ್, ಬಾಸ್, ಗಿಟಾರ್, ಮಧ್ಯೆ ಕತ್ತಲೆಯಲ್ಲಿ ನಡೆದು ಬರುವ ಹಾಗೆ ಒಂದು ದನಿ. ಜುನೈದರ ಮೂರರಲ್ಲಿ ಈಕೆ ಆರಿಸಿಕೊಂಡದ್ದು ಸಮಯವನ್ನು ಮಾತ್ರ, ರಾತ್ರಿಯನ್ನು. ಹಗಲು ಕೇಳಿದರೆ ಈ ಆಲ್ಬಮ್ ಅರ್ಧ ಕೆಲಸ ಮಾಡುವುದಿಲ್ಲ, ಪರೀಕ್ಷಿಸಿ ನೋಡಿದ್ದೇನೆ.

ಹೈದರಾಬಾದಿನಲ್ಲಿರುವ ಓದುಗರಿಗೆ ಇಲ್ಲೊಂದು ಮನೆಯ ಸುದ್ದಿ ಇದೆ. ‘ನಾ ಗುಲ್’ ಮತ್ತು ‘ಸಾಕಿ’ ಹಾಡುಗಳ ಕವಿತೆ ಮಹ್ ಲಕಾ ಬಾಯಿ ಚಂದಾ ಅವರದು. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ, ನಿಜಾಮರ ದರಬಾರಿನ ತವಾಯಿಫ್, ಉರ್ದುವಿನಲ್ಲಿ ಸ್ವಂತ ದಿವಾನ್ ಸಂಕಲಿಸಿದ ಮೊದಲ ಹೆಂಗಸರಲ್ಲಿ ಒಬ್ಬರು. ಮೌಲಾಲಿ ಗುಡ್ಡದ ಬುಡದಲ್ಲಿ ಅವರ ಗೋರಿ ಇದೆ. ಮೌಲಾಲಿ ಸ್ಟೇಷನ್ನಿನ ಮೇಲೆ ದಿನಾ ಓಡಾಡುವ ನಮ್ಮವರಲ್ಲಿ ಎಷ್ಟು ಜನ ಆ ಗೋರಿ ನೋಡಿದ್ದೀರಿ? ನಾನು ನೋಡಿದ್ದು ಈ ಆಲ್ಬಮ್ ಕೇಳಿದ ಮೇಲೆ. ದಖ್ಖಣದ ಒಬ್ಬ ಹೆಂಗಸಿನ ಮಾತು ಬ್ರೂಕ್ಲಿನ್ ಸುತ್ತಿಕೊಂಡು ನನ್ನ ಹತ್ತಿರ ಬರಬೇಕಾಯಿತಲ್ಲ ಅಂತ ಸ್ವಲ್ಪ ನಾಚಿಕೆಯಾಯಿತು. ತವಾಯಿಫ್ ಅನ್ನುವ ಒಂದು ಶಬ್ದ ಹೇಳಿ ನಾವು ಎಷ್ಟು ಕವಿಗಳನ್ನು, ಎಷ್ಟು ಗಾಯಕಿಯರನ್ನು ಮನೆಯಿಂದ ಆಚೆ ಹಾಕಿದೆವೋ.

ಹಾಗಂತ ಹೊಗಳಿಕೆ ಮಾತ್ರ ಹೇಳಿ ಬಿಡಲಾರೆ. ‘ಸಾಕಿ’ಯಲ್ಲಿ ವಿಜಯ್ ಅಯ್ಯರ್ ಅವರ ಪಿಯಾನೋ ಇದೆ, ಅದ್ಭುತವಾಗಿದೆ, ಆದರೆ ಕವಿತೆ ಹೊಗೆಯಲ್ಲಿ ಕರಗಿಹೋಗುತ್ತದೆ. ಗಝಲಿನಲ್ಲಿ ಒಂದು ಸಾಲು ಕೇಳಿದವನು ಎರಡನೆಯ ಸಾಲಿಗೆ ಕಾಯುತ್ತಾನೆ, ಅದು ಬಂದು ಬಡಿದಾಗ ತಲೆದೂಗುತ್ತಾನೆ. ಅರೂಜ್ ಆ ಕಾಯುವಿಕೆಯನ್ನೇ ತೆಗೆದುಹಾಕುತ್ತಾರೆ. ಶಬ್ದಗಳು ತೇಲುತ್ತವೆ, ಬಡಿಯುವುದಿಲ್ಲ. ಉರ್ದು ಬಾರದ ಅಮೆರಿಕನ್ನರಿಗೆ ಇದು ನಷ್ಟವಲ್ಲ, ನಮಗೆ ನಷ್ಟ. ಬೇಗಂ ಅಖ್ತರ್ ಒಂದು ಶಬ್ದವನ್ನು ಹೇಗೆ ಒಡೆದು ತೋರಿಸುತ್ತಿದ್ದರು ಅಂತ ನೆನಪಿರುವವರಿಗೆ ಇಲ್ಲಿ ಹಸಿವು ಉಳಿಯುತ್ತದೆ. ‘ರಾತ್ ಕೀ ರಾನಿ’ಯಲ್ಲಿ ಮಾತ್ರ ಆ ತೇಲಾಟವೇ ಹಾಡಿನ ಅರ್ಥವಾಗಿದೆ. ರಾತ್ರಿರಾಣಿ ಹೂವಿನ ವಾಸನೆ ಎಲ್ಲಿಂದ ಬಂತು ಅಂತ ಹುಡುಕುವಷ್ಟರಲ್ಲಿ ಗಾಳಿ ತಿರುಗಿರುತ್ತದಲ್ಲ, ಹಾಗೆ. ದನಿಗೆ ಸ್ವಲ್ಪ ಯಂತ್ರದ ಮೆರುಗು ಹಚ್ಚಿದ್ದಾರೆ, ನನಗದು ಬೇಡವಿತ್ತು, ಆದರೆ ಹಾಡು ಕೆಟ್ಟಿಲ್ಲ.

ಇದೇ ಆಲ್ಬಮಿನಲ್ಲಿ ‘ವಿಸ್ಕಿ’ ಅಂತ ಒಂದು ಇಂಗ್ಲಿಷ್ ಹಾಡಿದೆ. ಸ್ನೇಹಿತರೊಬ್ಬರು ಹೆಸರು ನೋಡಿಯೇ ಆಲ್ಬಮ್ ಮುಚ್ಚಿದರಂತೆ. ಅವರೇ ಹೋದ ತಿಂಗಳು ಮುಶಾಯಿರಾದಲ್ಲಿ ಸಾಕಿ, ಮೈಖಾನಾ ಅಂತ ಬಂದಾಗಲೆಲ್ಲ ಎದ್ದು ನಿಂತು ಇರ್ಷಾದ್ ಅಂದವರು. ಉರ್ದುವಿನಲ್ಲಿ ಸುರಿದರೆ ರೂಪಕ, ಇಂಗ್ಲಿಷಿನಲ್ಲಿ ಸುರಿದರೆ ಶರಾಬು! ಅವರ ಜೊತೆ ಇನ್ನೂ ಜಗಳ ಮುಗಿದಿಲ್ಲ.

ಮೂರನೆಯದಾಗಿ ಎ.ಆರ್. ರಹಮಾನರ ‘ಆಡುಜೀವಿತಂ’. ಬೆನ್ಯಾಮಿನ್ ಕಾದಂಬರಿಯನ್ನು ಬ್ಲೆಸ್ಸಿ ಸಿನಿಮಾ ಮಾಡಿದ್ದು, ಮಾರ್ಚ್ 28ಕ್ಕೆ ಕನ್ನಡಕ್ಕೂ ಡಬ್ ಆಗಿ ಬಂದಿತ್ತು. ಗಲ್ಫಿಗೆ ದುಡಿಯಲು ಹೋದ ನಜೀಬ್ ಮರುಭೂಮಿಯಲ್ಲಿ ಆಡು ಕಾಯುವ ಗುಲಾಮನಾಗಿ ಸಿಕ್ಕಿಹಾಕಿಕೊಳ್ಳುವ ಕತೆ. ಇಡೀ ಆಲ್ಬಮ್ ಒಂದೇ ಮಟ್ಟದ್ದು ಅಂತ ನಾನು ಹೇಳುವುದಿಲ್ಲ. ‘ಓಮನೆ’ ಚಂದದ ಪ್ರೇಮಗೀತೆ, ಆದರೆ ಅಂಥದ್ದನ್ನು ರಹಮಾನ್ ನಿದ್ದೆಯಲ್ಲೂ ಮಾಡಬಲ್ಲರು. ಆದರೆ ‘ಪೆರಿಯೋನೆ’ ಬೇರೆ.

ರಫೀಕ್ ಅಹಮದ್ ಬರೆದು ಜಿತಿನ್ ರಾಜ್ ಹಾಡಿದ ಈ ಹಾಡಿನ ಶಕ್ತಿ ಆ ಸಂಬೋಧನೆಯಲ್ಲೇ ಇದೆ. ಪೆರಿಯ ಅಂದರೆ ದೊಡ್ಡ. ನಮ್ಮ ಕನ್ನಡದಲ್ಲಿ ಪಕಾರ ಹಕಾರವಾಗಿ ಅದು ‘ಹಿರಿಯ’ ಆಗಿದೆ. ‘ಪೆರಿಯೋನೆ’ ಅಂದರೆ ಹಿರಿಯನೇ, ದೊಡ್ಡವನೇ. ಅರಬಿಯ ‘ಅಕ್ಬರ್’ ಅನ್ನು ಒಬ್ಬ ಮಲಬಾರಿ ಕೂಲಿಕಾರ ತನ್ನ ಅವ್ವನ ಭಾಷೆಯಲ್ಲಿ ಹೇಳಿದರೆ ಹೀಗೇ ಹೇಳುತ್ತಾನೆ. ಸುತ್ತ ಎಲ್ಲರೂ ಅರಬಿ ಮಾತನಾಡುವ ನೆಲದಲ್ಲಿ, ದೇವರ ಹತ್ತಿರ ಮಾತನಾಡುವಾಗ ಅವನಿಗೆ ಮಲಯಾಳವೇ ಬೇಕಾಗುತ್ತದೆ. ಅರಬಿ ನೆಲ ಅವನನ್ನು ಮುಸಲ್ಮಾನನೆಂದು ಗುರುತಿಸಿ ಕಾಪಾಡಲಿಲ್ಲ. ಕಾಪಾಡಬೇಕಾದವನನ್ನು ಅವನು ಊರಿನ ಮಾತಲ್ಲಿ ಕರೆಯುತ್ತಾನೆ. ಬ್ಯಾರಿ ಮನೆಯಲ್ಲಿ ಬೆಳೆದ ಮಂಗಳೂರಿನ ಗೆಳೆಯನ ಜೊತೆ ನಾನು ಈ ಹಾಡು ಕೇಳಿದೆ. ಅವನಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅವನ ಅಪ್ಪ ಗಲ್ಫಿನಲ್ಲಿ ಹತ್ತೊಂಬತ್ತು ವರ್ಷ ಇದ್ದವರು, ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು, ಆ ಪೆಟ್ಟಿಗೆಯಲ್ಲಿ ಒಂದು ಟೇಪ್‌ರೆಕಾರ್ಡರ್ ಕೂಡ ಬಂದಿತ್ತು. ಹಾಡು ಮುಗಿದ ಮೇಲೆ ಅವನು ಅಂದದ್ದು ಇಷ್ಟೇ: ‘ಅಪ್ಪ ಅಲ್ಲಿ ಏನು ಕೆಲಸ ಮಾಡ್ತಿದ್ದರು ಅಂತ ನಾವು ಯಾರೂ ಸರಿಯಾಗಿ ಕೇಳಲೇ ಇಲ್ಲ.’

ಇಲ್ಲಿ ಸಂಗಡಿಗರಿಲ್ಲ. ಇರುವುದು ಜಾಗ ಮಾತ್ರ, ಮುಗಿಯದ ಜಾಗ. ರಹಮಾನ್ ಮೊದಲು ಆ ಜಾಗವನ್ನು ವಾದ್ಯಗಳಿಂದ ತುಂಬಿಸದೆ ಬಿಟ್ಟಿರುವುದೇ ಜಾಣತನ. ಆಮೇಲೆ ತುಂಬಿಸುತ್ತಾರೆ, ಅದು ಸಿನಿಮಾದ ಕಷ್ಟ.

ರಹಮಾನರದ್ದೇ ‘ಅಮರ್ ಸಿಂಗ್ ಚಮ್ಕೀಲಾ’ ಏಪ್ರಿಲ್‌ನಲ್ಲಿ ಬಂತು. ಇಂಪಿನ ಲೆಕ್ಕದಲ್ಲಿ ‘ಆಡುಜೀವಿತಂ’ಗಿಂತ ನನಗೆ ಇದೇ ಹೆಚ್ಚು ಇಷ್ಟ. ಮಲೇರ್ಕೋಟ್ಲಾದ ಇರ್ಷಾದ್ ಕಾಮಿಲ್ ಬರೆದ ಹಾಡುಗಳು. 1988ರ ಮಾರ್ಚ್ 8ರಂದು ಹೆಂಡತಿ ಅಮರ್‌ಜೋತ್ ಜೊತೆ ಗುಂಡಿಗೆ ಬಲಿಯಾದ ದಲಿತ ಗಾಯಕನ ಕತೆ ಇದು. ಅವನ ಹಾಡು ಅಶ್ಲೀಲ ಅಂತ ಧರ್ಮದ ಹೆಸರಿನಲ್ಲಿ ಬೆದರಿಸಿದವರಿದ್ದರು. ಕೊಂದವರು ಯಾರೆಂದು ಇವತ್ತಿಗೂ ಸಾಬೀತಾಗಿಲ್ಲ. ‘ನರಮ್ ಕಾಲ್ಜಾ’ ಕೇಳಿ, ಹೆಂಗಸರೆಲ್ಲ ಸೇರಿ ಮುಚ್ಚುಮರೆ ಇಲ್ಲದೆ ನಗುವ ಹಾಡು. ನಮ್ಮ ಮನೆಗಳಲ್ಲಿ ಮೆಹಂದಿ ರಾತ್ರಿ ಬಾಗಿಲು ಹಾಕಿಕೊಂಡು ಖಾಲಾಗಳು, ಫೂಫಿಗಳು ಏನು ಹಾಡುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. ಅಶ್ಲೀಲದ ತಕರಾರು ಎತ್ತುವ ಗಂಡಸರಿಗೆ ಆ ಕೋಣೆಯ ಒಳಗೆ ಪ್ರವೇಶ ಇರಲಿಲ್ಲ, ಅಷ್ಟೇ.

ಕನ್ನಡದ್ದು ಒಂದೂ ಇಲ್ಲವೇ ಅಂತ ನೀವು ಕೇಳುತ್ತೀರಿ, ಕೇಳಬೇಕು. 2024ರಲ್ಲಿ ‘ಕೃಷ್ಣಂ ಪ್ರಣಯ ಸಖಿ’ಯ ‘ದ್ವಾಪರ’ ಕೇಳದ ಕನ್ನಡಿಗ ಇಲ್ಲ. ಜಸ್ಕರಣ್ ಸಿಂಗ್ ಅನ್ನುವ ಪಂಜಾಬಿ ಹುಡುಗ ಅದನ್ನು ಹಾಡಿ ನಮ್ಮವನಾದ, ಸಂತೋಷ. ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್ ಅವರ ‘ವಾರಿ’ ಆಲ್ಬಮ್ ಕೂಡ ಬಂತು, ಮೈಕೆಲ್ ಲೀಗ್ ನಿರ್ಮಾಣ, ದನಿಯನ್ನು ವಾದ್ಯದಂತೆ ಆಡಿಸುವ ಆಕೆಯ ಕೈಚಳಕಕ್ಕೆ ಸಲಾಂ. ಆದರೆ ಮೊದಲಿನಿಂದ ಕೊನೆವರೆಗೆ ಒಂದೇ ಉಸಿರಲ್ಲಿ ಕೂತು ಕೇಳುವ, ಪೂರ್ತಿ ಕನ್ನಡದ ಆಲ್ಬಮ್ ಒಂದೂ ನನ್ನ ಕೈಗೆ ಬರಲಿಲ್ಲ. ನುಸ್ರತ್ ಇಂಗ್ಲೆಂಡಿನಲ್ಲಿ ಆ ಟೇಪು ಮಾಡಿದ 1990ರಲ್ಲೇ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದಿತ್ತು. ಸಿ. ಅಶ್ವಥ್ ಅವರ ದನಿಯಲ್ಲಿ ಶರೀಫಜ್ಜ ಹಳ್ಳಿ ಹಳ್ಳಿಯ ಟೇಪ್‌ರೆಕಾರ್ಡರಿಗೆ ಬಂದರು. ನಮ್ಮ ಮನೆಯಲ್ಲಿ ಆ ಕ್ಯಾಸೆಟ್ಟು ಸವೆದು, ಪೆನ್ಸಿಲ್ ಹಾಕಿ ತಿರುಗಿಸಿ ತಿರುಗಿಸಿ ಕೊನೆಗೆ ತುಂಡಾಯಿತು. ಅದಾದ ಮೇಲೆ ಶರೀಫರನ್ನು ಹೊಸದಾಗಿ ಎತ್ತಿಕೊಂಡ ಮುಸಲ್ಮಾನ ಗಾಯಕ ಕನ್ನಡದಲ್ಲಿ ಯಾರು? ಪ್ರಶ್ನೆ ನನ್ನದು, ಹೆಸರು ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಇನ್ನು ಪುಣೆಯ ಹುಡುಗನ ವಿಷಯ. ಫೋನಿನಲ್ಲಿ ಅವತ್ತು ನಾನು ಅವನಿಗೆ ಝಾಕಿರ್ ಅವರು ತಾವೇ ಎಷ್ಟೋ ಸಲ ಹೇಳಿಕೊಂಡ ಸಂಗತಿ ಹೇಳಿದೆ. ಹುಟ್ಟಿದ ಮಗುವನ್ನು ತಂದು ತಂದೆ ಅಲ್ಲಾ ರಖಾ ಅವರ ಕೈಗೆ ಕೊಟ್ಟರಂತೆ, ಕಿವಿಯಲ್ಲಿ ದುಆ ಓದಲಿ ಅಂತ. ಅವರು ಓದಿದ್ದು ತಬಲದ ಬೋಲುಗಳನ್ನು. ತಾಯಿ ಸಿಟ್ಟಾದರು. ನನ್ನ ಪ್ರಾರ್ಥನೆ ಇದೇ, ಅಂದರಂತೆ ತಂದೆ. ಅದೇ ಝಾಕಿರ್ ಬಾಲ್ಯದಲ್ಲಿ ಬೆಳಿಗ್ಗೆ ತಂದೆಯ ಹತ್ತಿರ ತಬಲ ಕಲಿತು, ಮದರಸಾಕ್ಕೆ ಹೋಗಿ ಕುರ್‌ಆನ್ ಓದಿ, ಆಮೇಲೆ ಪಾದ್ರಿಗಳ ಶಾಲೆಗೆ ಹೋಗುತ್ತಿದ್ದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಂಗಾದರೆ ಅಮ್ಮ ಸಿಟ್ಟಾಗಿದ್ದು ತಪ್ಪಾ?’ ಅಂತ ಕೇಳಿದ. ಇಲ್ಲಪ್ಪ, ಅವರದ್ದೂ ತಪ್ಪಲ್ಲ ಅಂದೆ. ಆ ಉತ್ತರ ಅವನಿಗೆ ಸಾಕಾಗಲಿಲ್ಲ ಅಂತ ಗೊತ್ತು.

ಒಂದು ವಾರ ಬಿಟ್ಟು ಮೆಸೇಜು ಬಂತು. ‘ಚೈನ್ ಆಫ್ ಲೈಟ್’ ಹಾಕಿದ್ದನಂತೆ, ಇಶಾ ಆದಮೇಲೆ, ಇಯರ್‌ಫೋನಿನಲ್ಲಲ್ಲ, ರೂಮಿನಲ್ಲಿ ಸ್ಪೀಕರಿಗೆ ಹಾಕಿ. ಕೋಣೆಯಲ್ಲಿ ಇನ್ನಿಬ್ಬರು ಹುಡುಗರು, ಒಬ್ಬ ಬೆಳಗಾವಿಯವನು, ಊರಿನ ಭಜನಾ ತಂಡದಲ್ಲಿ ತಾಳ ಹಾಕುವವನು. ಮೊದಲ ಹಾಡಿನಲ್ಲೇ ಚಪ್ಪಾಳೆಯ ಲೆಕ್ಕ ಹಿಡಿದನಂತೆ. ಅರೂಜ್ ಮಾತ್ರ ಯಾರಿಗೂ ಹಿಡಿಸಲಿಲ್ಲ, ನಿದ್ದೆ ಬರುತ್ತದೆ ಅಂದರಂತೆ. ಎರಡನೆಯ ಹಾಡಿನ ಪಂಜಾಬಿ ಅರ್ಥವಾಗಲಿಲ್ಲ, ಕನ್ನಡದಲ್ಲಿ ಬರೆದು ಕಳಿಸಿ ಅಂತ ಕೇಳಿದ್ದಾನೆ. ಅರ್ಧ ಬರೆದಿದ್ದೇನೆ, ‘ಸಿಕ್’ ಅನ್ನುವ ಆ ಪಂಜಾಬಿ ಹಂಬಲಕ್ಕೆ ಸರಿಯಾದ ಕನ್ನಡ ಮಾತು ಇನ್ನೂ ಹೊಳೆದಿಲ್ಲ.